ಧರ್ಮಾಧ್ಯಕ್ಷರು (ಬಿಷಪ್) ತಪ್ಪಿದರೆ: ಪತ್ರ ಬರೆಯುವುದೇ, ಬಹಿರಂಗವಾಗಿ ಹೇಳುವುದೇ?

ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ಎರಡಕ್ಕೂ ಅವಕಾಶ ಕೊಟ್ಟಿದೆ. ಸಭೆಯ ಹಿತದ ವಿಷಯದಲ್ಲಿ ತಮಗನಿಸಿದ್ದನ್ನು ಸಭೆಯ ಪಾಲಕರಿಗೂ ಇತರ ವಿಶ್ವಾಸಿಗಳಿಗೂ ತಿಳಿಸುವುದು ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ 212ನೇ ವಿಧಿ. ಗೌರವ ತಪ್ಪಬಾರದು.

ಖಾಸಗಿ ಪತ್ರ ನಿಧಾನದ ದಾರಿ. ಆದರೆ ಆಡಳಿತಾತ್ಮಕ ಆದೇಶವನ್ನು ಬದಲಿಸಬೇಕಿದ್ದರೆ ಬೇರೆ ದಾರಿಯಿಲ್ಲ. ಆದೇಶ ಕೈಸೇರಿದ 10 ದಿನಗಳೊಳಗೆ, ಅದನ್ನು ಹೊರಡಿಸಿದವರಿಗೇ ಲಿಖಿತ ಮನವಿ ಹೋಗಬೇಕು (ವಿಧಿ 1734). ಉತ್ತರ ತೃಪ್ತಿ ತರದಿದ್ದರೆ 15 ದಿನಗಳಲ್ಲಿ ಮೇಲಧಿಕಾರಿಗೆ ಮೊರೆ. ಹಲವರು ಎಡವುವುದು ಇಲ್ಲೇ: ಮೊದಲು ಪ್ರತಿಭಟನೆ, ಸಹಿ ಸಂಗ್ರಹ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಬಹಿರಂಗ ಟೀಕೆಗೂ ಪರಂಪರೆಯಿದೆ. ಬೈಬಲಿನ ಪ್ರಕಾರ, ಅಂತಿಯೋಕ್ಯ ಪಟ್ಟಣದಲ್ಲಿ ಪ್ರೇಷಿತ ಪೌಲನು ಸಭೆಯ ಮುಖಂಡ ಪೇತ್ರನನ್ನು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡ. ವಿಶ್ವಾಸಕ್ಕೇ ಅಪಾಯವಿದ್ದರೆ ಮೇಲಿನವರನ್ನು ಬಹಿರಂಗವಾಗಿಯೂ ತಿದ್ದಬೇಕು ಎಂದರು 13ನೇ ಶತಮಾನದ ದೇವತಾಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸ್. ತಪ್ಪು ಈಗಾಗಲೇ ಜಗಜ್ಜಾಹೀರಾಗಿದ್ದರೆ, ಪತ್ರಗಳಿಗೆ ಉತ್ತರವೇ ಬಾರದಿದ್ದರೆ ಈ ದಾರಿ ಸರಿ. ನಿರ್ಧಾರವನ್ನು ಟೀಕಿಸಿ, ದಾಖಲೆ ಕೈಯಲ್ಲಿರಲಿ. ವ್ಯಕ್ತಿಯ ಚಾರಿತ್ರ್ಯಕ್ಕೆ ಕೈಹಾಕಿದರೆ 220ನೇ ವಿಧಿ ಅಡ್ಡಬರುತ್ತದೆ. ಸಭೆಯ ಅಧಿಕಾರಿಯ ವಿರುದ್ಧ ಬಹಿರಂಗವಾಗಿ ದ್ವೇಷ ಕೆರಳಿಸುವುದು ವಿಧಿ 1373ರಡಿ ಅಪರಾಧವೇ.

ಲೈಂಗಿಕ ದೌರ್ಜನ್ಯ ಮಾತ್ರ ಈ ತಕ್ಕಡಿಯಲ್ಲಿ ತೂಗುವ ವಿಷಯವಲ್ಲ. ನೇರ ಪೊಲೀಸರಿಗೆ ದೂರು ಕೊಡಿ, ಸಭೆಗೂ ವರದಿ ಮಾಡಿ. ವರದಿ ಮಾಡಿದವರ ಮೇಲೆ ಮೌನ ಹೇರುವಂತಿಲ್ಲ ಎಂದು ಅಂದಿನ ಜಗದ್ಗುರು (ಪೋಪ್) ಫ್ರಾನ್ಸಿಸ್ 2019ರಲ್ಲೇ ನಿಯಮ ಮಾಡಿದ್ದರು.