ಫೋಟೋ ಒಂದಾದರೆ ಸ್ಕ್ವೂಶ್, ರಾಶಿಯಾದರೆ ಇರ್ಫಾನ್‌ವ್ಯೂ

12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ ಅಂದರೆ 4000×3000 ಪಿಕ್ಸೆಲ್. ಫೈಲು ಸಾಮಾನ್ಯವಾಗಿ ಮೂರರಿಂದ ಆರು ಎಂಬಿ. ಕಾರವಾರ, ಕುಮಟಾ ಪೇಟೆಯಲ್ಲಿ ಇದ್ದವರಿಗೆ ಇದೊಂದು ತಲೆಬಿಸಿಯೇ ಅಲ್ಲ. ಶಿರಸಿ, ಸಿದ್ದಾಪುರದ ಒಳಗಿನ ಊರುಗಳಲ್ಲಿ, ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆಯಲ್ಲಿ ಲೆಕ್ಕ ಬೇರೆ. ಅಪ್‌ಲೋಡ್ ವೇಗ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಇದ್ದರೆ 5 ಎಂಬಿಯ ಒಂದು ಫೋಟೋಕ್ಕೆ 40 ಸೆಕೆಂಡು. ಹೋಮ್‌ಸ್ಟೇಯ ಮೂವತ್ತು ಫೋಟೋ ಹಾಕಲು 20 ನಿಮಿಷ, ಅದೂ ನಡುವೆ ಲೈನ್ ಕಡಿಯದಿದ್ದರೆ. ಅದೇ ಫೋಟೋಗಳನ್ನು 300 ಕೆಬಿಗೆ ಇಳಿಸಿಕೊಂಡರೆ ಒಂದೂಕಾಲು ನಿಮಿಷದೊಳಗೆ ಮುಗಿಯುತ್ತದೆ. ನೋಡುವವರ ಮೊಬೈಲ್ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದೂ ಇಲ್ಲ.

ಈ ಕೆಲಸಕ್ಕೆ ಸ್ಕ್ವೂಶ್ ಒಳ್ಳೆಯ ಸಾಧನ. 2018ರಲ್ಲಿ ಗೂಗಲ್‌ನ ಕ್ರೋಮ್ ತಂಡದವರು ಬಿಟ್ಟದ್ದು, ಪುಕ್ಕಟೆ, ಜಾಹೀರಾತು ಇಲ್ಲ, ಲಾಗಿನ್ ಕೇಳುವುದಿಲ್ಲ. ಬ್ರೌಸರಿನಲ್ಲಿ ಸ್ಕ್ವೂಶ್ ಡಾಟ್ ಆ್ಯಪ್ (squoosh.app) ಎಂದು ತೆರೆದರಾಯಿತು. 'ಆನ್‌ಲೈನ್ ರಿಸೈಜರ್' ಎಂದು ಹುಡುಕಿದಾಗ ಸಿಗುವ ಹೆಚ್ಚಿನ ತಾಣಗಳು ಮೊದಲು ನಿಮ್ಮ ದೊಡ್ಡ ಫೈಲನ್ನು ತಮ್ಮ ಸರ್ವರಿಗೆ ಎಳೆದುಕೊಂಡು, ಆಮೇಲೆ ಚಿಕ್ಕದು ಮಾಡಿ ಕೊಡುತ್ತವೆ. ನೆಟ್ ಉಳಿಸಲು ಹೊರಟವರಿಗೆ ಇದರಿಂದ ಏನು ಬಂತು? ಸ್ಕ್ವೂಶ್ ಎಲ್ಲವನ್ನೂ ನಿಮ್ಮ ಮೊಬೈಲು ಅಥವಾ ಕಂಪ್ಯೂಟರಿನೊಳಗೇ ಮಾಡುತ್ತದೆ. ಫೋಟೋ ಹೊರಗೆ ಹೋಗುವುದಿಲ್ಲ. ಒಮ್ಮೆ ಪೂರ್ತಿ ತೆರೆದುಕೊಂಡ ಮೇಲೆ ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಸಹಿ, ಗುರುತಿನ ಚೀಟಿ, ಪಾಸ್‌ಪೋರ್ಟ್ ಅಳತೆಯ ಫೋಟೋ ಇಂಥವಕ್ಕೆ ಈ ಒಂದು ಗುಣವೇ ಸಾಕು.

ಬಳಸುವ ಕ್ರಮ ಹೀಗೆ. ಫೋಟೋ ತೆರೆದ ಮೇಲೆ ಬಲಗಡೆಯ 'ರಿಸೈಜ್' ಗುಂಡಿ ಒತ್ತಿ, ಅಗಲವನ್ನು 1600 ಎಂದು ಹಾಕಿ. 'ಮೇಂಟೇನ್ ಆಸ್ಪೆಕ್ಟ್ ರೇಶಿಯೋ' ಗುರುತು ಇದ್ದಲ್ಲೇ ಇದ್ದರೆ ಎತ್ತರ ತಾನಾಗಿ 1200 ಆಗುತ್ತದೆ. ಕೆಳಗೆ 'ಮೋಜ್‌ಜೆಪೆಗ್' (ಜೆಪೆಗ್ ಫೈಲು ಮಾಡಿಕೊಡುವ ಆಯ್ಕೆ) ಆರಿಸಿ, ಕ್ವಾಲಿಟಿ 75ರಿಂದ 80ರ ನಡುವೆ ಇಡಿ. ಪರದೆಯ ಮಧ್ಯದ ಗೆರೆಯನ್ನು ಆಚೀಚೆ ಎಳೆದು ಮೂಲ ಮತ್ತು ಹೊಸದನ್ನು ಹೋಲಿಸಬಹುದು, ಫೈಲಿನ ಗಾತ್ರ ಅಲ್ಲೇ ಕಾಣುತ್ತದೆ. ಎವಿಐಎಫ್, ವೆಬ್‌ಪಿ ಎಂಬ ಬೇರೆ ಫೈಲ್ ಮಾದರಿಗಳ ಆಯ್ಕೆಯಲ್ಲಿ ಫೈಲು ಇನ್ನೂ ಸಣ್ಣದಾಗುವುದು ನಿಜ. ಆದರೆ ಎವಿಐಎಫ್ ಮಾಡಲು ಹಳೆ ಮೊಬೈಲು ಬಹಳ ಹೊತ್ತು ಹಿಡಿಯುತ್ತದೆ, ಅರ್ಜಿ ತುಂಬುವ ತಾಣಗಳು ಇವೆರಡನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಂಚುವ ಫೋಟೋಕ್ಕೆ ಜೆಪೆಗ್ ಸಾಕು.

ಎಲ್ಲ ಫೋಟೋಕ್ಕೂ ಒಂದೇ ಕ್ವಾಲಿಟಿ ಅಂಕಿ ಹಾಕುವುದು ಮಾತ್ರ ಸರಿಯಲ್ಲ. ಅಡಿಕೆ ತೋಟದೊಳಗೆ ತೆಗೆದ ಫೋಟೋ, ಮಿರ್ಜಾನ್ ಕೋಟೆಯ ಪಾಚಿ ಕಟ್ಟಿದ ಚಿರೆಕಲ್ಲಿನ ಗೋಡೆ, ಮಾಗೋಡ ಜಲಪಾತದ ನೊರೆ, ಇವೆಲ್ಲ ಅಂಗುಲ ಅಂಗುಲಕ್ಕೂ ಸೂಕ್ಷ್ಮ ವಿವರ ತುಂಬಿದವು. ಜೆಪೆಗ್ ಇಂಥಲ್ಲಿ ಹೆಚ್ಚು ಬೈಟ್ ತಿನ್ನುತ್ತದೆ, ಆದರೆ ಕ್ವಾಲಿಟಿ 65ಕ್ಕೆ ಇಳಿಸಿದರೂ ಹಾಳಾದದ್ದು ಎಲೆಗಳ ನಡುವೆ ಮುಚ್ಚಿಹೋಗುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಸೂರ್ಯಾಸ್ತಕ್ಕೆ ತೆಗೆದದ್ದು ಇದಕ್ಕೆ ತಿರುಗಾಮುರುಗಾ: ಫೈಲು ಚಿಕ್ಕದು, ಆದರೆ ಕ್ವಾಲಿಟಿ ಇಳಿಸಿದೊಡನೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಣ್ಣದ ಪಟ್ಟಿಗಳು ಏಳುತ್ತವೆ. ಅಲ್ಲಿ 85 ಇಡಿ, ಆದರೂ ಗಾತ್ರ ತೋಟದ ಫೋಟೋಗಿಂತ ಕಮ್ಮಿಯೇ ಇರುತ್ತದೆ.

ಯಕ್ಷಗಾನದ ಫೋಟೋದ್ದು ಇನ್ನೊಂದು ತಕರಾರು. ಬಡಗುತಿಟ್ಟಿನ ವೇಷದ ಕೆಂಪು ಬಟ್ಟೆ, ಅದರ ಅಂಚಿನ ಬಂಗಾರದ ಕುಸುರಿ ಚಿಕ್ಕದು ಮಾಡಿದ ಮೇಲೆ ಕಲಸಿದಂತೆ ಕಾಣುತ್ತದೆ. ಜೆಪೆಗ್ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅಗಲ ಎತ್ತರ ಎರಡರಲ್ಲೂ ಅರ್ಧಕ್ಕೆ ಇಳಿಸುವುದು ಇದಕ್ಕೆ ಕಾರಣ. ಸ್ಕ್ವೂಶ್‌ನಲ್ಲಿ 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್' ತೆರೆದು 'ಆಟೋ ಸಬ್‌ಸ್ಯಾಂಪಲ್ ಕ್ರೋಮಾ' ಗುರುತು ತೆಗೆದು, ಕೆಳಗಿನ ಅಂಕಿಯನ್ನು 1 ಮಾಡಿ. ಫೈಲು ಸ್ವಲ್ಪ ಉಬ್ಬುತ್ತದೆ, ಕೆಂಪು ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಪುಕ್ಕಟೆ ಸಾಧನಗಳಲ್ಲಿ ಈ ಹಿಡಿತ ಕೊಡುವವು ಕಡಿಮೆ.

ರಿಸೈಜ್‌ನ 'ಮೆಥಡ್' (ಚಿಕ್ಕದು ಮಾಡುವ ವಿಧಾನ) ಎಂಬಲ್ಲಿ ಮೊದಲೇ ಇರುವ 'ಲಾಂಕ್ಜೋಸ್3' ಹೆಚ್ಚಿನವಕ್ಕೆ ಸರಿ. ಹೆಂಚಿನ ಮಾಡು, ಸಣ್ಣ ಪಟ್ಟೆಯ ಸೀರೆ ಇದ್ದಾಗ ಬೇಡದ ಅಲೆಯ ವಿನ್ಯಾಸ ಹೆಚ್ಚು ಏಳಗೊಡುವುದಿಲ್ಲ. ಬೆಳ್ಳನೆಯ ಆಕಾಶದೆದುರು ತೆಂಗಿನ ಗರಿ ಕಪ್ಪಾಗಿ ನಿಂತಿದ್ದರೆ ಮಾತ್ರ ಗರಿಯ ಸುತ್ತ ತೆಳ್ಳನೆ ಬಿಳಿ ಅಂಚು ಮೂಡಬಹುದು. ಆಗ 'ಮಿಚೆಲ್'ಗೆ ಬದಲಿಸಿ, ಚಿತ್ರ ಒಂಚೂರು ಮೆತ್ತಗಾಗುತ್ತದೆ, ಅಂಚು ಹೋಗುತ್ತದೆ.

ಇನ್ನು ಅರ್ಜಿಗಳ ಕೆಬಿ ಕಾಟ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯಲ್ಲಿ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140×60, 10ರಿಂದ 20 ಕೆಬಿ. ಇಷ್ಟೇ ಕೆಬಿ ಕೊಡು ಎಂದು ಸ್ಕ್ವೂಶ್‌ಗೆ ಹೇಳಲು ಬರುವುದಿಲ್ಲ. ಕ್ವಾಲಿಟಿ ಪಟ್ಟಿಯನ್ನು ಎಳೆಯುತ್ತ ಕೆಳಗಿನ ಅಂಕಿ ನೋಡಬೇಕು. ಮಿತಿ 50 ಇದ್ದರೆ 45ರ ಆಸುಪಾಸಿನಲ್ಲಿ ನಿಲ್ಲಿಸಿ, ಏಕೆಂದರೆ ಒಂದು ಕೆಬಿಯನ್ನು ಕೆಲವರು 1000 ಬೈಟ್ ಎಂದು, ಕೆಲವರು 1024 ಎಂದು ಲೆಕ್ಕ ಹಾಕುತ್ತಾರೆ. ಸಹಿಯ ವಿಷಯದಲ್ಲಿ ತೊಂದರೆ ಉಲ್ಟಾ: ಬಿಳಿ ಹಾಳೆಯ ಮೇಲಿನ ನಾಲ್ಕು ಗೆರೆ 140×60ಕ್ಕೆ ಇಳಿದಾಗ ಫೈಲು 10 ಕೆಬಿಗಿಂತ ಕೆಳಗೆ ಹೋಗಿ 'ತೀರಾ ಚಿಕ್ಕದು' ಎಂದು ವಾಪಸು ಬರುತ್ತದೆ. ಕ್ವಾಲಿಟಿಯನ್ನು 100ಕ್ಕೆ ಏರಿಸಿ, ಮೇಲೆ ಹೇಳಿದ ಬಣ್ಣದ ಅಂಕಿ 1 ಮಾಡಿ ನೋಡಿ. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) 200 ಇರಲಿ, 72 ಇರಲಿ, ಪಿಕ್ಸೆಲ್ ಲೆಕ್ಕ ಬದಲಾಗುವುದಿಲ್ಲ. ಅದು ಮುದ್ರಣದವರಿಗೆ ಬೇಕಾದ ಸಂಗತಿ.

ಕೊರತೆಗಳೂ ಇವೆ, ಸಣ್ಣವಲ್ಲ. ಬೇಕಾದಲ್ಲಿ ಕತ್ತರಿಸುವ ಸೌಲಭ್ಯ ಇಲ್ಲ. 'ಫಿಟ್ ಮೆಥಡ್'ನಲ್ಲಿ 'ಕಂಟೇನ್' ಹಾಕಿದರೆ ಅಳತೆಗೆ ಮೀರಿದ್ದನ್ನು ಎರಡೂ ಬದಿಯಿಂದ ಸಮನಾಗಿ ಕೊಯ್ಯುತ್ತದೆ. ಮುಖ ನಡುವೆ ಇಲ್ಲದಿದ್ದರೆ ಮೊದಲು ಮೊಬೈಲ್ ಗ್ಯಾಲರಿಯಲ್ಲೇ ಕತ್ತರಿಸಿಕೊಳ್ಳಿ. 'ಸ್ಟ್ರೆಚ್'ನಲ್ಲಿ ಬಿಟ್ಟರೆ ಮುಖ ಹಲಸಿನಕಾಯಿಯ ಹಾಗೆ ಉದ್ದವಾಗುತ್ತದೆ. 108 ಮೆಗಾಪಿಕ್ಸೆಲ್ ಫೋಟೋ ಬಿಚ್ಚಿಕೊಂಡಾಗ 432 ಎಂಬಿ ಮೆಮೊರಿ ಬೇಕು, ಕಡಿಮೆ ರ‍್ಯಾಮಿನ ಮೊಬೈಲಿನಲ್ಲಿ ಬ್ರೌಸರ್ ಅಲ್ಲೇ ಕೈಚೆಲ್ಲುತ್ತದೆ. ಐಫೋನಿನ ಎಚ್‌ಇಐಸಿ ಫೈಲನ್ನು ಕ್ರೋಮ್ ತೆರೆಯುವುದಿಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿಟ್ಟರೆ ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಬರುತ್ತವೆ. ಸ್ಕ್ವೂಶ್‌ನಲ್ಲಿ ಇಳಿಸಿದ ಫೈಲಿನಿಂದ ತೆಗೆದ ದಿನಾಂಕ, ಜಿಪಿಎಸ್ ಎಲ್ಲ ಅಳಿಸಿಹೋಗುತ್ತದೆ. ಮನೆ, ತೋಟದ ಜಾಗ ಹೊರಗೆ ತಿಳಿಯದಿರಲು ಇದು ಒಳ್ಳೆಯದೇ, ದಾಖಲೆಗೆ ಇಡುವವರಿಗೆ ನಷ್ಟ.

ಎಲ್ಲಕ್ಕಿಂತ ದೊಡ್ಡ ಕೊರತೆ, ಒಮ್ಮೆಗೆ ಒಂದೇ ಫೋಟೋ. ಮಾರಿಕಾಂಬಾ ಜಾತ್ರೆಯ ಇನ್ನೂರು ಫೋಟೋ ಇಟ್ಟುಕೊಂಡು ಇದರ ಮುಂದೆ ಕೂರುವುದು ಹುಚ್ಚು. ವಿಂಡೋಸ್ ಕಂಪ್ಯೂಟರ್ ಇದ್ದರೆ ಇರ್ಫಾನ್‌ವ್ಯೂ ಹಾಕಿಕೊಳ್ಳಿ. 1996ರಿಂದ ಇರುವ ಪುಟ್ಟ ತಂತ್ರಾಂಶ, ಮುಖ ನೋಡಿದರೆ ಆ ಕಾಲದ್ದೇ, ಆದರೆ ಹಳೆ ಲ್ಯಾಪ್‌ಟಾಪಿನಲ್ಲೂ ಸರಾಗ. ಮನೆಬಳಕೆಗೆ ಪುಕ್ಕಟೆ, ಸ್ಟುಡಿಯೋ, ಹೋಮ್‌ಸ್ಟೇ ವ್ಯವಹಾರಕ್ಕೆ ದುಡ್ಡು ಕೊಟ್ಟು ನೋಂದಾಯಿಸಬೇಕು. ಬಿ ಕೀಲಿ ಒತ್ತಿದರೆ ಬ್ಯಾಚ್ ಕಿಟಕಿ ಬರುತ್ತದೆ. ಫೈಲುಗಳನ್ನು ಸೇರಿಸಿ, 'ಅಡ್ವಾನ್ಸ್ಡ್'ನಲ್ಲಿ ಉದ್ದದ ಬದಿಗೆ 1600 ಕೊಟ್ಟು, ಚಿಕ್ಕ ಚಿತ್ರಗಳನ್ನು ಹಿಗ್ಗಿಸದಿರುವ ಆಯ್ಕೆಗೆ ಗುರುತು ಹಾಕಿ. ಉದ್ದದ ಬದಿ ಎಂದು ಕೊಟ್ಟರೆ ನಿಂತ ಫೋಟೋ, ಮಲಗಿದ ಫೋಟೋ ಎರಡೂ ಒಂದೇ ಸಲಕ್ಕೆ ಸರಿಹೋಗುತ್ತವೆ. ಜೆಪೆಗ್ ಆಯ್ಕೆಯಲ್ಲಿ ಕ್ವಾಲಿಟಿ 80 ಮಾಡಿ. ಇದು ಎಕ್ಸಿಫ್ ಮಾಹಿತಿಯನ್ನು (ತೆಗೆದ ದಿನಾಂಕ, ಜಿಪಿಎಸ್ ಇತ್ಯಾದಿ) ಉಳಿಸಬಲ್ಲದು, ಬೇಡದಿದ್ದರೆ ಆ ಗುರುತು ತೆಗೆಯಬೇಕು. ಹೊಸ ಫೈಲುಗಳಿಗೆ ಕಡ್ಡಾಯವಾಗಿ ಬೇರೆ ಫೋಲ್ಡರ್ ಕೊಡಿ: ಅದೇ ಫೋಲ್ಡರ್, ಮೇಲಿಂದ ಬರೆಯಲು ಅನುಮತಿ, ಇವೆರಡೂ ಸೇರಿದರೆ ಮೂಲ ಫೋಟೋಗಳು ಹೋದವೆಂದೇ ಲೆಕ್ಕ.

1600 ಎಂಬ ಅಂಕಿ ಎಲ್ಲೆಡೆಗೂ ಅಲ್ಲ. ಇನ್‌ಸ್ಟಾಗ್ರಾಮಿನ ನಿಂತ ಚಿತ್ರಕ್ಕೆ 1080×1350 ಮಾಡಿಕೊಂಡರೆ ಅವರು ಮತ್ತೆ ಕುಗ್ಗಿಸುವುದು ತಪ್ಪುತ್ತದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ, ಹೋಮ್‌ಸ್ಟೇಯವರು ಹಾಕುವ ಫೋಟೋ 10 ಕೆಬಿಯಿಂದ 5 ಎಂಬಿಯೊಳಗಿರಬೇಕು, ಹೀಗಾಗಿ ಮೊಬೈಲಿನ ಮೂಲ ಫೈಲು ಕೆಲವೊಮ್ಮೆ ತಿರಸ್ಕಾರವಾಗುತ್ತದೆ. ವಾಟ್ಸಾಪಿಗೆಂದು ಮೊದಲೇ ಚಿಕ್ಕದು ಮಾಡುವ ಅಗತ್ಯ ಇಲ್ಲ, ಅದು ತಾನೇ ಕುಗ್ಗಿಸಿ ಕಳಿಸುತ್ತದೆ. ಆದರೆ ಹಾಗೆ ಬಂದ ಫೋಟೋವನ್ನು ಪತ್ರಿಕೆಗೋ ಫ್ಲೆಕ್ಸಿಗೋ ಕೊಡಬೇಡಿ; 4×6 ಇಂಚಿನ ಒಂದು ಪ್ರಿಂಟಿಗೇ 1200×1800 ಪಿಕ್ಸೆಲ್ ಬೇಕು. ಅಂಥ ಕೆಲಸಕ್ಕೆ ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ.