ಮೂರು ನೋಟ ಕಲಿಸೋಕೆ ಪ್ಲಾಸ್ಟಿಕ್ ಪೆಟ್ಟಿಗೆ, ರಟ್ಟಿನ ಮೂಲೆ, ಪ್ರೊಜೆಕ್ಟರ್: ಯಾವುದು ಕೆಲಸಕ್ಕೆ ಬಂತು?

ಮಾಲೂರು ಕಡೆಯ ಹೈಸ್ಕೂಲೊಂದರಲ್ಲಿ ಒಂಬತ್ತನೇ ತರಗತಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಗೆರೆ ಎಳೆಯೋದು ಮಕ್ಕಳಿಗೆ ಕಷ್ಟವಲ್ಲ. ಟಿ-ಸ್ಕ್ವೇರ್, ಸೆಟ್ ಸ್ಕ್ವೇರ್ ವಾರದಲ್ಲಿ ಕೈಗೆ ಹತ್ತುತ್ತೆ. ಕಷ್ಟ ಶುರುವಾಗೋದು ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಬಂದಾಗ, ಅಂದರೆ ಒಂದೇ ವಸ್ತುವನ್ನು ಮುಂದಿನಿಂದ, ಮೇಲಿಂದ, ಪಕ್ಕದಿಂದ ನೋಡಿ ಮೂರು ಚಿತ್ರ ಬರೆಯುವಾಗ. ಫ್ರಂಟ್ ವ್ಯೂ ಮೇಲೆ, ಟಾಪ್ ವ್ಯೂ ಕೆಳಗೆ. "ಮೇಲಿಂದ ನೋಡಿದ್ದು ಕೆಳಗ್ಯಾಕೆ ಮಿಸ್?" ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ. ಇದಕ್ಕೆ ಉತ್ತರ ಸಿಗಲಿ ಅಂತ ಮೂರು ವಿಧಾನ ಮಾಡಿ ನೋಡಿದ್ದೇನೆ.

ಮೊದಲು ಮಾಡಿದ್ದು ಗಾಜಿನ ಪೆಟ್ಟಿಗೆ. ಗಾಜಿನ ಬದಲು ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ಶೀಟ್ ತಂದು, ಟೇಪ್ ಹಾಕಿ ಪೆಟ್ಟಿಗೆ ಮಾಡಿದೆ. ಒಳಗೆ ಮೆಟ್ಟಿಲಿನಾಕಾರದ ಮರದ ತುಂಡು. ಹೊರಗಿಂದ ನೋಡುತ್ತಾ ಮಾರ್ಕರ್‌ನಲ್ಲಿ ಶೀಟ್ ಮೇಲೆ ಬರೆಯೋದು. ಮಕ್ಕಳಿಗೆ ತುಂಬಾ ಇಷ್ಟವಾಯಿತು. ಆದರೆ ಪೆಟ್ಟಿಗೆ ಬಿಚ್ಚಿ ಹರಡಿದಾಗ ಟಾಪ್ ವ್ಯೂ ಮೇಲಕ್ಕೆ ಹೋಗಿ ಕೂತಿತು! ಪುಸ್ತಕದಲ್ಲಿ ಕೆಳಗಿದೆ. ಅರ್ಧ ಕ್ಲಾಸ್ ಅಲ್ಲೇ ದಾರಿ ತಪ್ಪಿತು.

ಕಾರಣ ಸರಳ. ಪೆಟ್ಟಿಗೆಯಲ್ಲಿ ಕಣ್ಣಿಗೂ ವಸ್ತುವಿಗೂ ನಡುವೆ ಶೀಟ್ ಇರುತ್ತೆ. ಅದು ಥರ್ಡ್ ಆಂಗಲ್, ಅಮೆರಿಕದಲ್ಲಿ ಬಳಸುವ ಪದ್ಧತಿ. ನಮ್ಮಲ್ಲಿ ಶಾಲೆ ಕಾಲೇಜುಗಳಿಗೆ ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಅನ್ನೋ ಡ್ರಾಯಿಂಗ್ ಕೈಪಿಡಿ ಹೇಳೋದು ಫಸ್ಟ್ ಆಂಗಲ್. ಅದರಲ್ಲಿ ಮೊದಲು ಕಣ್ಣು, ಆಮೇಲೆ ವಸ್ತು, ಅದರ ಹಿಂದೆ ಹಾಳೆ. ಇಷ್ಟು ಗೊತ್ತಿದ್ದೂ ಪೆಟ್ಟಿಗೆ ಮಾಡುವಾಗ ನಾನು ಯೋಚಿಸಿರಲಿಲ್ಲ. ಫಸ್ಟ್ ಆಂಗಲ್ ಕಲಿಯೋ ಮಕ್ಕಳಿಗೆ ಮೊದಲೇ ಈ ಪೆಟ್ಟಿಗೆ ತೋರಿಸಬೇಡಿ.

ಮರುವರ್ಷ ರಟ್ಟಿನ ಮೂಲೆ ಮಾಡಿದೆ. ಅಂಗಡಿಯ ಹಳೇ ರಟ್ಟಿನ ಡಬ್ಬ ಕತ್ತರಿಸಿ, ಒಂದು ಹಾಳೆ ನೆಲಕ್ಕೆ, ಇನ್ನೊಂದು ಗೋಡೆ ಥರ ನೆಟ್ಟಗೆ. ಎರಡೂ ಸೇರೋ ಕಡೆ ಮಡಿಕೆ. ನಡುವೆ ಇಡೋಕೆ ವಸ್ತು ಹುಡುಕಬೇಕಾಗಲಿಲ್ಲ. ಮಾಲೂರಿನಲ್ಲಿ ಇಟ್ಟಿಗೆಗೆ ಬರವೇ? ಮಕ್ಕಳೇ ತಂದರು. ಅಳೆದರೆ ಸುಮಾರು 23 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 7 ಸೆಂ.ಮೀ. ದಪ್ಪ. ಮೂರು ಕಡೆಯಿಂದ ಮೂರು ಬೇರೆ ಅಳತೆ, ಹಾಗಾಗಿ ನೋಟಗಳು ಒಂದಕ್ಕೊಂದು ಬೆರೆಯಲ್ಲ.

ಇಟ್ಟಿಗೆಯನ್ನು ಗೋಡೆ ರಟ್ಟಿಗೆ ಒತ್ತಿ ಸುತ್ತ ಪೆನ್ಸಿಲ್ ಓಡಿಸಿದರೆ ಫ್ರಂಟ್ ವ್ಯೂ. ನೆಲದ ರಟ್ಟಿನ ಮೇಲೆ ಸುತ್ತ ಎಳೆದರೆ ಟಾಪ್ ವ್ಯೂ. ಇಟ್ಟಿಗೆ ತೆಗೆದರೆ ಕೆಂಪು ಧೂಳಿನ ಗುರುತೂ ಉಳಿದಿರುತ್ತೆ. ಈಗ ಗೋಡೆಯನ್ನು ಹಿಂದಕ್ಕೆ ಮಲಗಿಸಿದರೆ ಫ್ರಂಟ್ ವ್ಯೂ ಮೇಲೆ, ಟಾಪ್ ವ್ಯೂ ಕೆಳಗೆ, ನಡುವೆ ಮಡಿಕೆ. "ಓ, ಎಕ್ಸ್‌ವೈ ಲೈನ್ ಅಂದ್ರೆ ಈ ಮಡಿಕೇನಾ!" ಅಂತ ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ಪುಸ್ತಕದಲ್ಲಿ ಎರಡು ನೋಟಗಳ ನಡುವೆ ಎಳೆದಿರೋ ಅಡ್ಡಗೆರೆಯೇ ಅದು. ಬಲಗಡೆಗೆ ಇನ್ನೊಂದು ರಟ್ಟು ಅಂಟಿಸಿ, ಎಡಗಡೆ ನಿಂತು ನೋಡಿ ಅಂದೆ. ಎಡದಿಂದ ಕಂಡದ್ದು ಬಲಗಡೆಯ ರಟ್ಟಿಗೆ ಬೀಳುತ್ತೆ. ಬಾಗಿಲು ತೆರೆದ ಹಾಗೆ ಅದನ್ನು ಬಿಡಿಸಿದರೆ, ಎಡಬದಿಯ ನೋಟ ಬಲಕ್ಕೆ ಯಾಕೆ ಬಂತು ಅಂತ ಬಾಯಿಪಾಠ ಮಾಡಬೇಕಿಲ್ಲ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ. ಕೈಯಚ್ಚಿನ ಇಟ್ಟಿಗೆಯ ಮೇಲೆ ಒಂದು ಗುಂಡಿ ಇರುತ್ತೆ ಅಲ್ವಾ? ಮೇಲಿಂದ ನೋಡಿದರೆ ಕಾಣುತ್ತೆ, ಮುಂದಿನಿಂದ ಕಾಣಲ್ಲ. ಫ್ರಂಟ್ ವ್ಯೂನಲ್ಲಿ ಅದನ್ನು ತುಂಡು ಗೆರೆಯಲ್ಲಿ, ಅಂದರೆ ಹಿಡನ್ ಲೈನ್ ಆಗಿ, ತೋರಿಸಬೇಕು. "ಕಾಣದೇ ಇರೋದನ್ನ ಯಾಕೆ ಬರೀಬೇಕು?" ಅಂತ ಒಬ್ಬ ಕೇಳಿದ. ನಾನು ಬಾಯಿ ತೆರೆಯೋ ಮೊದಲೇ, ಅಪ್ಪ ಇಟ್ಟಿಗೆ ಗೂಡಲ್ಲಿ ಕೆಲಸ ಮಾಡುವ ಹುಡುಗ ಹೇಳಿದ: "ಗುಂಡಿ ಎಷ್ಟು ಆಳ ಅಂತ ಅಚ್ಚು ಮಾಡೋರಿಗೆ ಗೊತ್ತಾಗ್ಬೇಕಲ್ವೇನೋ." ಹಿಡನ್ ಲೈನ್‌ಗೆ ಇದಕ್ಕಿಂತ ಒಳ್ಳೆ ವಿವರಣೆ ನನ್ನ ಹತ್ತಿರ ಇಲ್ಲ.

ಪ್ರೊಜೆಕ್ಟರ್‌ನಲ್ಲಿ ಜಿಯೋಜಿಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ತೋರಿಸೋದು ಮೂರನೆಯದು. ಒಂದೇ ಪೀರಿಯಡ್‌ನಲ್ಲಿ ಹತ್ತು ಆಕಾರ ತಿರುಗಿಸಬಹುದು. ಪ್ಯಾರಲಲ್ ಪ್ರೊಜೆಕ್ಷನ್ ಆಯ್ಕೆ ಮಾಡಿಕೊಳ್ಳಿ. ಪರ್ಸ್ಪೆಕ್ಟಿವ್‌ನಲ್ಲಿದ್ದರೆ ದೂರದ ಅಂಚು ಚಿಕ್ಕದಾಗಿ ಕಂಡು ಅಳತೆ ಕೆಡುತ್ತೆ. ಆದರೆ ತಿರುಗಿಸೋಳು ನಾನು, ಮಕ್ಕಳು ಸುಮ್ನೆ ನೋಡ್ತಾರೆ. ಡ್ರಾಯಿಂಗ್ ಶೀಟ್ ಕೊಟ್ಟರೆ ಮತ್ತೆ ಅದೇ ತಪ್ಪು. ಕರೆಂಟ್ ಹೋದರೆ ಪಾಠವೂ ಹೋಯಿತು. ಪುನರಾವರ್ತನೆಗೆ ಮಾತ್ರ ಚೆನ್ನ.

ಕಲಿಸೋಕೆ ಹೊರಟವರಿಗೆ ನನ್ನ ಓಟು ರಟ್ಟಿನ ಮೂಲೆಗೇ. ಖರ್ಚಿಲ್ಲ, ಮೂರು ಪೀರಿಯಡ್ ಸಾಕು. ಪರೀಕ್ಷೆಗೆ ನಾನು ಉರ್ಲಗಡ್ಡೆ (ಆಲೂಗಡ್ಡೆ) ಕೊಡುತ್ತೇನೆ: ಬೋರ್ಡ್ ಮೇಲೆ ಮೂರು ನೋಟ, ಅದನ್ನು ನೋಡಿ ಗಡ್ಡೆ ಕತ್ತರಿಸಿ ವಸ್ತು ಮಾಡಬೇಕು. ಹೋದ ಸಲ ನಲವತ್ತು ಮಕ್ಕಳಲ್ಲಿ ಮೂವತ್ತೊಂದು ಜನ ಮೆಟ್ಟಿಲನ್ನು ಸರಿಯಾದ ಕಡೆಗೇ ಕೊರೆದಿದ್ದರು. ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನಾನು ಎಸೆದಿಲ್ಲ. ಡಿಪ್ಲೊಮಾಗೆ ಹೋಗಬೇಕು ಅನ್ನೋ ಮಕ್ಕಳಿಗೆ ವರ್ಷದ ಕೊನೆಯಲ್ಲಿ ಥರ್ಡ್ ಆಂಗಲ್ ತೋರಿಸೋಕೆ ಅದನ್ನೇ ಬೀರುವಿನಿಂದ ಇಳಿಸುತ್ತೇನೆ.