ಮಗನಿಗೆ ಮೊದಲ ಗನ್ ಕೊಡಿಸುವ ಮುಂಚೆ ಬ್ಯಾರಲ್ ಮೇಲಿನ ನಂಬರ್ ಓದಿ

ಯುಗಾದಿ ಹತ್ತಿರ ಬರುತ್ತಿದೆ. ನಮ್ಮ ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಏರ್ ಗನ್ ಮಾರುವವರು ಮತ್ತೆ ಹಳ್ಳಿಗಳಿಗೆ ಬರಲು ಶುರು ಮಾಡಿದ್ದಾರೆ. ಇವರು ಅಂಗಡಿಯವರಲ್ಲ, ಮಧ್ಯವರ್ತಿಗಳು. ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಾರೆ, ಅಡ್ವಾನ್ಸ್ ತಗೊಳ್ಳುತ್ತಾರೆ, ಆಮೇಲೆ ಒಂದು ದಿನ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಕೊಟ್ಟು ಹೋಗುತ್ತಾರೆ. ಹೈಸ್ಕೂಲು, ಪಿಯುಸಿ ಓದುವ ಹುಡುಗರಿರುವ ಮನೆಗಳನ್ನೇ ಹುಡುಕುತ್ತಾರೆ. ನಮ್ಮ ಅಕ್ಕನ ಮನೆಗೂ ಹೋದ ವರ್ಷ ಹೀಗೇ ಬಂದಿದ್ದರು. ಅಕ್ಕನ ಮಗನ ಬಲಗೈ ಹೆಬ್ಬೆರಳಿನ ತುದಿ ಈಗ ಇಲ್ಲ. ಭಾವನ ಮೇಲೆ ಕೇಸ್ ನಡೆಯುತ್ತಿದೆ. ಇನ್ನೊಂದು ಮನೆಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅಕ್ಕನವರದು ಯಲಬುರ್ಗಾ ತಾಲೂಕಿನ ಎರೆ ಹೊಲ. ಸೂರ್ಯಕಾಂತಿ ಕಾಳು ಕಟ್ಟಿತು ಅಂದರೆ ಗಿಳಿಗಳು ಹಿಂಡುಹಿಂಡಾಗಿ ಬಂದು ಬೀಳುತ್ತವೆ. ಹಿಂದೆಲ್ಲ ಅಟ್ಟ ಕಟ್ಟಿ, ಕವಣೆ ಬೀಸಿ, ಕೂಗಿ ಹಕ್ಕಿ ಕಾಯುತ್ತಿದ್ದರು. ಈಗ ಆ ಕೆಲಸಕ್ಕೆ ಆಳು ಸಿಗುವುದಿಲ್ಲ. ಭಾವನಿಗೆ ಬೇಕಾಗಿದ್ದದ್ದು ಸದ್ದು ಮಾಡಿ ಗಿಳಿ ಓಡಿಸುವ ಒಂದು ವಸ್ತು. ಹುಡುಗನಿಗೆ ಬೇಕಾಗಿದ್ದದ್ದು ಬೇಟೆಯ ಗನ್. ಬಂದವನು ಇಬ್ಬರಿಗೂ ಬೇಕಾದ ಮಾತು ಆಡಿದ. ಭಾವನಿಗೆ, "ಲೈಸೆನ್ಸ್ ಏನೂ ಬ್ಯಾಡ್ರೀ, ಏರ್ ಗನ್ ಅಷ್ಟ ಇದು" ಅಂದ. ಹುಡುಗನಿಗೆ, "ಟೂ-ಟೂ ಐತಿ ತಮ್ಮಾ, ಮೊಲಾನೂ ಬೀಳ್ತೈತಿ. ಅಮೆರಿಕದಾಗ ನಿನ್ನ ವಯಸ್ಸಿನ ಹುಡುಗರಿಗೆ ಇದನ್ನ ಕೊಡ್ತಾರ" ಅಂದ.

ಈ ಅಮೆರಿಕದ ಮಾತನ್ನು ಇಲ್ಲೇ ಬಿಡಿಸಿ ಹೇಳಬೇಕು. ಯಾಕೆಂದರೆ ಹುಡುಗರು ಅಂಥ ವಿಡಿಯೋ ದಿನಾ ನೋಡುತ್ತಾರೆ. ಅಲ್ಲಿ ಮಕ್ಕಳಿಗೆ ಮೊದಲ ರೈಫಲ್ ಅಂತ ಸಾಮಾನ್ಯವಾಗಿ ಕೊಡುವುದು ಒಂದು ಸಲಕ್ಕೆ ಒಂದೇ ಗುಂಡು ಹಾಕುವ ಪಾಯಿಂಟ್ 22 (ಬ್ಯಾರಲ್ ತೂತಿನ ಅಳತೆ, ಇಂಚಿನಲ್ಲಿ). ಅದು ಮದ್ದಿನ ತೋಟಾ ಹಾರಿಸುವ ನಿಜವಾದ ಬಂದೂಕು. ಮುಂದೆ ಜಿಂಕೆ ಬೇಟೆಗೆ ಹೋಗುವ ಹೊತ್ತಿಗೆ, ಹೆಗಲಿಗೆ ಒದೆತ ಕಡಿಮೆ ಅಂತ ಪಾಯಿಂಟ್ 243 ಆರಿಸುವವರು ಜಾಸ್ತಿ. ಗನ್ ಹುಡುಗನ ಮೈಗೆ ಸರಿಹೊಂದಬೇಕು, ಒದೆತಕ್ಕೆ ಹೆದರಿ ಅವನು ಕಣ್ಣು ಮುಚ್ಚಿಕೊಳ್ಳಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ಆದರೆ ಗನ್ ಕೈಗೆ ಕೊಟ್ಟು ಸುಮ್ನೆ ಕಾಡಿಗೆ ಕಳಿಸುವುದಿಲ್ಲ. ಸಾಮಾನ್ಯವಾಗಿ ಬೇಟೆ ಸುರಕ್ಷತೆಯ ಪಾಠ ಮುಗಿಸಬೇಕು, ಲೈಸೆನ್ಸ್ ಇರಬೇಕು. ಯಾವ ತಿಂಗಳಲ್ಲಿ ಯಾವ ಪ್ರಾಣಿ, ಎಷ್ಟು ಅನ್ನುವುದಕ್ಕೆ ಸರ್ಕಾರದ ಮಿತಿ ಇದೆ. ಪಕ್ಕದಲ್ಲಿ ದೊಡ್ಡವರು ನಿಂತಿರುತ್ತಾರೆ. ವಿಡಿಯೋದಲ್ಲಿ ಇದಾವುದೂ ಕಾಣುವುದಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಹಾಗೆ ಬೇಟೆಗೆ ಹೋಗುವ ದಾರಿಯೇ ಇಲ್ಲ. ಹಾಗಿದ್ದ ಮೇಲೆ ಇಲ್ಲಿ ಯಾರಾದರೂ "ಹುಡುಗನಿಗೆ ಮೊದಲ ಬೇಟೆ ಗನ್" ಅಂತ ಏನನ್ನಾದರೂ ಮಾರಿದರೆ, ಆ ಮಾತಿನಲ್ಲೇ ಮೋಸ ಇದೆ. ಮಾರಾಟಗಾರ ಬೇಟೆಯ ಹೆಸರೆತ್ತಿದ ಕೂಡಲೇ ಎದ್ದು ಬನ್ನಿ.

ಇನ್ನು ಭಾವ ಕೊಂಡ ಆ ಗನ್ ವಿಷಯ. ಅದು ಬ್ಯಾರಲನ್ನು ಕೆಳಗೆ ಮಡಚಿ ಪೆಲೆಟ್ (ಸೀಸದ ಸಣ್ಣ ಗುಂಡು) ತುಂಬುವ ಜಾತಿಯದು. ಬ್ಯಾರಲ್ ಕೆಳಗೆ ಎಳೆದಾಗ ಒಳಗಿನ ದಪ್ಪ ಸ್ಪ್ರಿಂಗ್ ಹಿಂದಕ್ಕೆ ಹೋಗಿ ಒಂದು ಸಣ್ಣ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗ್ ಮುಂದೆ ನುಗ್ಗುತ್ತದೆ, ಆ ಗಾಳಿಯ ಒತ್ತಡಕ್ಕೆ ಪೆಲೆಟ್ ಹಾರುತ್ತದೆ. ಬ್ಯಾರಲ್ ಮಡಚಿರುವಾಗಲೇ ಕೊಕ್ಕೆ ಬಿಟ್ಟರೆ ಬ್ಯಾರಲ್ ಇಲಿ ಬೋನಿನ ಬಾಗಿಲಿನ ಹಾಗೆ ರಪ್ಪನೆ ಮುಚ್ಚಿಕೊಳ್ಳುತ್ತದೆ. ಒಳ್ಳೆಯ ಗನ್‌ಗಳಲ್ಲಿ ಹೀಗಾಗದಂತೆ ಒಳಗೆ ಒಂದು ತಡೆ ಇರುತ್ತದೆ. ಆ ಮಧ್ಯವರ್ತಿ ಮಾರಿದ್ದು ಸೆಕೆಂಡ್ ಹ್ಯಾಂಡ್. ಅದರ ಟ್ರಿಗರನ್ನು ಯಾರೋ ಉಜ್ಜಿ ಹಗುರ ಮಾಡಿದ್ದರು. "ಮುಟ್ಟಿದ್ರ ಸಾಕು, ಹಾರ್ತೈತಿ" ಅಂತ ಅದನ್ನೇ ಹೊಗಳಿ ಮಾರಿದ. ಉಜ್ಜಿದ ಕೊಕ್ಕೆ ಸ್ಪ್ರಿಂಗನ್ನು ಅಂಚಿನಲ್ಲಿ ಮಾತ್ರ ಹಿಡಿದಿರುತ್ತದೆ. ಒಂದು ಸಣ್ಣ ಅಲುಗಾಟಕ್ಕೂ ಜಾರಬಹುದು.

ಆ ಸ್ಪ್ರಿಂಗ್ ದೊಡ್ಡವರಿಗೇ ಬಿಗಿ. ಹುಡುಗ ಬಟ್ಟನ್ನು (ಗನ್ನಿನ ಹಿಂತುದಿಯನ್ನು) ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಬ್ಯಾರಲ್ ಎಳೆಯುತ್ತಿದ್ದ. ಎಳೆದಾದ ಮೇಲೆ ಕೈ ಸೋತು ಬ್ಯಾರಲ್ ಬಿಟ್ಟು, ಹೆಬ್ಬೆರಳಿನಿಂದ ಪೆಲೆಟ್ ಒತ್ತುತ್ತಿದ್ದ. ಒಂದು ಸಂಜೆ ಹೊಲದ ಬದುವಿನ ಮೇಲೆ ಕೊಕ್ಕೆ ಜಾರಿತು. ಟ್ರಿಗರ್ ಹತ್ತಿರ ಅವನ ಬೆರಳೂ ಇರಲಿಲ್ಲ. ನನಗೆ ಫೋನ್ ಮಾಡಿದಾಗ ಅವನು ಅಂದದ್ದು ಇಷ್ಟೇ: "ಮಾವಾ, ಬೆರಳು ಹೋತು."

ತುಂಡಾದ ತುದಿಯನ್ನು ಮನೆಯವರು ಸ್ಟೀಲ್ ಡಬ್ಬಿಯಲ್ಲಿ ನೇರ ಐಸ್ ಮೇಲೆ ಇಟ್ಟುಕೊಂಡು ಕೊಪ್ಪಳಕ್ಕೆ ಓಡಿದರು, ಅಲ್ಲಿಂದ ಹುಬ್ಬಳ್ಳಿಗೆ. ಅದು ಜಜ್ಜಿ ಹೋಗಿದ್ದರಿಂದ ಜೋಡಿಸಲು ಆಗಲಿಲ್ಲ. ಸರ್ಜನ್ ಆಗ ಒಂದು ಮಾತು ಹೇಳಿದರು, ಅದು ಎಲ್ಲರಿಗೂ ಗೊತ್ತಿರಲಿ. ಕಬ್ಬಿನ ಗಾಣ, ಮೇವು ಕತ್ತರಿಸುವ ಮಷಿನ್ ಇರುವ ಊರುಗಳಲ್ಲಿ ಇದು ಯಾವತ್ತಾದರೂ ಬೇಕಾಗುತ್ತದೆ. ಬೆರಳು ತುಂಡಾದರೆ ತುಂಡನ್ನು ಐಸಿಗೆ ನೇರ ತಾಗಿಸಬಾರದು. ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಬೇಕು. ಗಾಯವಾದ ಕೈಯನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ, ಎದೆಗಿಂತ ಮೇಲೆ ಎತ್ತಿ ಹಿಡಿಯಬೇಕು. ಅರಿಶಿನ, ಕಾಫಿಪುಡಿ ಏನೂ ಹಾಕಬಾರದು.

ಆಸ್ಪತ್ರೆಯಲ್ಲಿ ಗನ್ ಗಾಯ ಅಂದ ಮೇಲೆ ಎಂಎಲ್‌ಸಿ ಆಯಿತು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ದಾಖಲಾಯಿತು. ಪೊಲೀಸರು ಮನೆಗೆ ಬಂದರು. ಅವರು ಮೊದಲು ನೋಡಿದ್ದು ಬ್ಯಾರಲ್ ಮೇಲೆ ಕೆತ್ತಿದ ನಂಬರ್. 5.5 ಅಂತ ಇತ್ತು. ಭಾವನಿಗೆ ಅದರ ಅರ್ಥ ಯಾರೂ ಹೇಳಿರಲಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಏರ್ ಗನ್‌ನ ಬ್ಯಾರಲ್ ತೂತು 4.5 ಮಿಲಿಮೀಟರ್ ಮೀರಿದರೆ, ಅಥವಾ ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೌಲ್ ಮೀರಿದರೆ ಲೈಸೆನ್ಸ್ ಬೇಕು. 4.5 ಅಂದರೆ ಪಾಯಿಂಟ್ 177. 5.5 ಅಂದರೆ ಪಾಯಿಂಟ್ 22, ಅದೇ "ಟೂ-ಟೂ". ಅಂದರೆ ಆ ಮಧ್ಯವರ್ತಿ ಹುಡುಗನ ಮುಂದೆ ಹೊಗಳಿದ್ದೂ, ಅಪ್ಪನ ಹತ್ತಿರ ಮುಚ್ಚಿಟ್ಟದ್ದೂ ಒಂದೇ ವಿಷಯ. ಬಿಲ್ ಇರಲಿಲ್ಲ. ಅವನ ಫೋನ್ ಆಗಿನಿಂದ ಸ್ವಿಚ್ ಆಫ್. ಗನ್ ಸಿಕ್ಕಿದ್ದು ಭಾವನ ಮನೆಯಲ್ಲಿ, ಹಾಗಾಗಿ ಕೇಸ್ ಭಾವನ ಮೇಲೆ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗನ ಮೊಬೈಲ್‌ನಲ್ಲಿ ಸತ್ತ ಕೌಜುಗ ಹಿಡಿದುಕೊಂಡ ಒಂದು ಫೋಟೋ ಇತ್ತು. ಗೆಳೆಯರಿಗೆ ಕಳಿಸಿದ್ದ. ಅದು ಅರಣ್ಯ ಇಲಾಖೆಗೆ ಹೋಯಿತು. ಕೌಜುಗ, ಮೊಲ, ಗಿಳಿ ಎಲ್ಲವೂ ಕಾಯ್ದೆಯ ರಕ್ಷಣೆಯಲ್ಲಿವೆ. ನವಿಲು, ಚಿಗರಿ (ಕೃಷ್ಣಮೃಗ) ಅತಿ ಹೆಚ್ಚು ರಕ್ಷಣೆಯ ಒಂದನೇ ಶೆಡ್ಯೂಲಿನಲ್ಲಿವೆ. ಅವಕ್ಕೆ ಗುಂಡು ಹೊಡೆದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಯುಗಾದಿ ಹೊತ್ತಿಗೆ ಮೊಲ ಹೊಡೆಯುವ ವಾಡಿಕೆ ನಮ್ಮ ಮತ್ತು ರಾಯಚೂರು ಕಡೆಯ ಕೆಲವು ಊರುಗಳಲ್ಲಿ ಇದೆ, ಗೊತ್ತು. "ಹಿರಿಯರು ಮಾಡಿಕೊಂಡು ಬಂದಿದ್ದು" ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹದಿನೆಂಟು ತುಂಬದ ಹುಡುಗ ಬಾಲ ನ್ಯಾಯ ಮಂಡಳಿಯ ಮುಂದೆ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ನಿಂತಿದ್ದನ್ನು ನಾನು ನೋಡಿದೆ. ಅವನು ಕೆಟ್ಟ ಹುಡುಗ ಅಲ್ಲ. ಅವನಿಗೆ ಹೇಳಬೇಕಾದದ್ದನ್ನು ಹೇಳದೆ ಗನ್ ಮಾರಿ ಹೋದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹಕ್ಕಿ ಕಾಟಕ್ಕೆ ಬೇರೆ ದಾರಿಗಳಿವೆ. ಭಾವ ಈಗ ಸೂರ್ಯಕಾಂತಿ ಸಾಲುಗಳ ಮೇಲೆ ಮಿಂಚುವ ರಿಬ್ಬನ್ ಎಳೆದಿದ್ದಾರೆ. ಗಾಳಿಗೆ ಹೊಳೆಯುತ್ತಾ ಗುಂಯ್ ಅನ್ನುತ್ತದೆ. ಪೂರ್ತಿ ತಡೆಯುವುದಿಲ್ಲ, ಆದರೆ ಹಾನಿ ಕಡಿಮೆಯಾಗಿದೆ. ಹಂದಿ, ಚಿಗರಿಯಂಥ ಪ್ರಾಣಿಗಳಿಂದ ಬೆಳೆ ಹಾಳಾದರೆ ಫೋಟೋ, ಪಹಣಿ ಇಟ್ಟುಕೊಂಡು ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಬಹುದು. ಪ್ರಾಣಿಯನ್ನು ಹೊಡೆಯಲೇಬೇಕು ಅನ್ನುವ ಸ್ಥಿತಿ ಬಂದರೂ, ಅದಕ್ಕೆ ಇಲಾಖೆಯ ಲಿಖಿತ ಆದೇಶ ಬೇಕು. ಬಾಯಿ ಮಾತಿನ ಅನುಮತಿ ಅನುಮತಿಯೇ ಅಲ್ಲ.

ಇಷ್ಟಾದರೂ ಗುರಿ ಹೊಡೆಯುವ ಆಸೆ ತಪ್ಪಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲೇ. 4.5 ಮಿಲಿಮೀಟರ್ ಪೆಲೆಟ್, 10 ಮೀಟರ್ ದೂರ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅಷ್ಟು ಚಿಕ್ಕ ಗುರಿಗೆ ಹೊಡೆಯಲು ದೊಡ್ಡ ಶಕ್ತಿಯ ಗನ್ ಬೇಕಿಲ್ಲ, ಅಲ್ವಾ? ಹುಡುಗರಿಗೆ ಇದನ್ನು ತೋರಿಸಿ. ಶಾಲೆ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಮೊದಲು ಅಲ್ಲಿಗೆ ಸೇರಿಸಿ. ಅಲ್ಲಿ ಪಾಯಿಂಟ್ 22 ರೈಫಲನ್ನು ಕಲಿಸುವವರ ಕಣ್ಣೆದುರಿಗೇ, ಸರಿಯಾದ ಫೈರಿಂಗ್ ರೇಂಜ್‌ನಲ್ಲಿ ಹೊಡೆಸುತ್ತಾರೆ. ಆಮೇಲೂ ಆಸಕ್ತಿ ಉಳಿದರೆ ಶೂಟಿಂಗ್ ಕ್ಲಬ್. ಸ್ವಂತ ಗನ್ ಕೊಳ್ಳುವುದು ಅದಾದ ಮೇಲೆ.

ಕೊಳ್ಳುವುದೇ ಆದರೆ ಅಂಗಡಿಗೇ ಹೋಗಿ, ಹುಡುಗನನ್ನೂ ಕರೆದುಕೊಂಡು ಹೋಗಿ. ಬ್ಯಾರಲ್ ಮೇಲೆ 4.5 ಅಥವಾ .177 ಇದೆಯಾ, ನೀವೇ ಓದಿ. ಡಬ್ಬಿಯ ಮೇಲೆ ಬರೆದ ವೇಗಕ್ಕೆ ಮರುಳಾಗಬೇಡಿ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 280 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಹೆಚ್ಚುಕಮ್ಮಿ 20 ಜೌಲ್ ಮುಟ್ಟುತ್ತದೆ. ಅದೇ ಪೆಲೆಟ್ "ಸಾವಿರ ಅಡಿ ಸ್ಪೀಡ್" ಹೋದರೆ ಸೆಕೆಂಡಿಗೆ 305 ಮೀಟರ್ ಆಯಿತು, ಶಕ್ತಿ 23 ಜೌಲ್ ದಾಟಿತು. 4.5 ಇದ್ದರೂ ಅಂಥ ಗನ್‌ಗೆ ಲೈಸೆನ್ಸ್ ಬೇಕಾಗುತ್ತದೆ. ಸೆಕೆಂಡಿಗೆ 150ರಿಂದ 200 ಮೀಟರ್ ವೇಗದ ಗನ್ ಕಲಿಯಲು ಧಾರಾಳ ಸಾಕು.

ಹುಡುಗನೇ ಬ್ಯಾರಲ್ ಎಳೆದು ತೋರಿಸಲಿ. ಒಂದೇ ಎಳೆತಕ್ಕೆ, ಮೈ ಬಗ್ಗಿಸದೆ, ಬ್ಯಾರಲನ್ನು ನೆಲಕ್ಕೆ ಊರದೆ ಆಗಬೇಕು. ಆಮೇಲೆ ಒಂದು ಕೈಯಿಂದ ಬ್ಯಾರಲನ್ನು ಗಟ್ಟಿಯಾಗಿ ಹಿಡಿದೇ ಇನ್ನೊಂದು ಕೈಯಿಂದ ಪೆಲೆಟ್ ತುಂಬಲು ಬರಬೇಕು. ಬರದಿದ್ದರೆ ಆ ಗನ್ ಅವನಿಗಲ್ಲ. ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಬೇಡ. ಬಟ್ಟನ್ನು ಮೊಣಕೈ ಮಡಚಿದ ಜಾಗಕ್ಕೆ ತಾಗಿಸಿದಾಗ ತೋರುಬೆರಳು ಟ್ರಿಗರ್‌ಗೆ ಆರಾಮಾಗಿ ಸಿಗಬೇಕು. ನಿಂತು ಗುರಿ ಹಿಡಿದಾಗ ಸೊಂಟ ಹಿಂದಕ್ಕೆ ವಾಲಿದರೆ ತೂಕ ಜಾಸ್ತಿ ಆಯಿತು ಅಂತ. ಟ್ರಿಗರ್ ಹಗುರ ಮಾಡಿಸಿದ್ದು, ಸ್ಪ್ರಿಂಗ್ ಬದಲಿಸಿದ್ದು ಅಂದರೆ ಮುಟ್ಟಬೇಡಿ. ಗನ್ ಮೇಲೆ ಕೂರಿಸುವ ದುರ್ಬೀನು ಸದ್ಯಕ್ಕೆ ಬೇಡ. ಬಿಲ್ ತಗೊಳ್ಳಿ, ಗುರುತಿನ ಚೀಟಿ ಕೇಳದೆ ಕೊಡುವ ಅಂಗಡಿಯನ್ನು ನಂಬಬೇಡಿ.

ಎಲ್ಲಿ ಹೊಡೆಯುತ್ತಾನೆ ಅನ್ನುವುದು ಎಷ್ಟು ಮುಖ್ಯ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ಕೊಪ್ಪಳ, ಗಂಗಾವತಿ, ಬಳ್ಳಾರಿ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ, ತಗಡಿಗೆ, ಕೆರೆಯ ನೀರಿಗೆ ಬಡಿದ ಪೆಲೆಟ್ ಯಾವ ಕಡೆ ತಿರುಗುತ್ತದೆ ಅಂತ ಹೇಳಲು ಬರುವುದಿಲ್ಲ. ಉಕ್ಕಿನ ಗುಂಡು ಹಾರಿಸುವ ಗನ್ ಆದರೆ ಇನ್ನೂ ಕೆಟ್ಟದು, ಅದು ಹೊಡೆದವನ ಕಣ್ಣಿಗೇ ವಾಪಸ್ ಬರಬಹುದು. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಹಳೇ ಬಟ್ಟೆ ಗಟ್ಟಿಯಾಗಿ ತುಂಬಿದ ಪೆಟ್ಟಿಗೆಯೋ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬೇಡಿ, ತೊಳೆಯಬೇಡಿ, ಒಳಗೆ ಸಿಕ್ಕಿದ್ದನ್ನು ಕೀಳಬೇಡಿ. ಕಣ್ಣಿಗೆ ಒತ್ತದ ಹಾಗೆ ಪೇಪರ್ ಲೋಟ ಮುಚ್ಚಿಕೊಂಡು ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ.

ಈಗಾಗಲೇ ಮನೆಯಲ್ಲಿ ಇಂಥ ಗನ್ ಇದ್ದರೆ ಇವತ್ತೇ ತೆಗೆದು ನಂಬರ್ ನೋಡಿ. 5.5 ಅಥವಾ .22 ಅಂತ ಇದ್ದು ಲೈಸೆನ್ಸ್ ಇಲ್ಲದಿದ್ದರೆ ಬಾವಿಗೆ ಎಸೆಯಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ. ಮಾರಿದರೆ ಅದೇ ಇನ್ನೊಂದು ಅಪರಾಧ ಆಗುತ್ತದೆ. ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ತಗೊಳ್ಳಿ. ನಿಮಗೆ ಮಾರಿದವನ ಜೊತೆ ಆಡಿದ ವಾಟ್ಸಾಪ್ ಮಾತು, ಹಣ ಕಳಿಸಿದ ಸ್ಕ್ರೀನ್‌ಶಾಟ್ ಏನಿದ್ದರೂ ಅಳಿಸಬೇಡಿ. ಭಾವನ ಕೇಸಿನಲ್ಲಿ ಈಗ ಉಳಿದಿರುವ ಆಧಾರ ಅಂದರೆ ಅಂಥದ್ದೇ ಒಂದು ಸ್ಕ್ರೀನ್‌ಶಾಟ್.